ರಾಮ್ ದಾಸ್: ಯಾರಿಗೆ ಯಾವ ಪುಸ್ತಕ, ಯಾರಿಗೆ ಯಾವ ಧ್ವನಿ?

ಕಳೆದೊಂದು ವರ್ಷದಲ್ಲಿ ಮೂರು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ತಂಗಿಯ ಮಗಳು ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಹಾರ್ವರ್ಡ್‌ನಿಂದ ಹೊರಹಾಕಿಸಿಕೊಂಡ ಮೇಷ್ಟ್ರೊಬ್ಬರು ಹಿಮಾಲಯದ ತಪ್ಪಲಿನಿಂದ ಗಡ್ಡ ಬಿಟ್ಟುಕೊಂಡು, ಹೆಸರು ಬದಲಿಸಿಕೊಂಡು ವಾಪಸಾದ ಕಥೆಯನ್ನು ತರಗತಿಯಲ್ಲಿ ಕೇಳಿ ಬಂದಿದ್ದಳು. ನಮ್ಮ ಬೀದಿಯ ರಾಯರು ಬ್ಯಾಂಕಿನಿಂದ ನಿವೃತ್ತರು, ಅವರ ಮನೆಯವರಿಗೆ ಲಕ್ವ ಹೊಡೆದು ಎರಡು ವರ್ಷವಾಯಿತು. ಸ್ನಾನ, ಊಟ, ಔಷಧಿ ಎಲ್ಲವೂ ರಾಯರ ಕೈಯಲ್ಲೇ. ಮೂರನೆಯವನು ಹಳೆಯ ಸಹೋದ್ಯೋಗಿ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದಿನಕ್ಕೆ ಎರಡೂವರೆ ಗಂಟೆ ಕಾರಿನೊಳಗೆ ಕಳೆಯುವವನು. ಮೂವರೂ ಕೇಳಿದ್ದು ಇಷ್ಟೇ: "ರಾಮ್ ದಾಸ್ ಓದ್ಬೇಕು ಅಂತಿದೀನಿ, ಯಾವುದು ತಗೊಳ್ಳಲಿ?"

ಮೂವರಿಗೂ ಬೇರೆಬೇರೆ ಉತ್ತರ ಕೊಟ್ಟೆ. ಯಾಕೆ ಹಾಗೆ ಕೊಟ್ಟೆ ಅನ್ನುವುದನ್ನು ಇಲ್ಲಿ ಬಿಡಿಸಿ ಬರೆದರೆ, ಇದೇ ಪ್ರಶ್ನೆ ಇಟ್ಟುಕೊಂಡಿರುವ ಇನ್ನೂ ಕೆಲವರಿಗೆ ಉಪಯೋಗವಾದೀತು. ಈ ಮನುಷ್ಯನ ಪುಸ್ತಕಗಳು ಹತ್ತು ಹದಿನೈದಿವೆ, ಧ್ವನಿಮುದ್ರಣಗಳು ನೂರಾರು ಗಂಟೆ ಇವೆ. ಅಂಗಡಿಗೆ ಹೋದರೂ ಅಂತರಜಾಲದಲ್ಲಿ ಹುಡುಕಿದರೂ ಮೊದಲು ಎದುರಾಗುವುದು ಒಂದೇ ಪುಸ್ತಕ. ಕನ್ನಡದ ಓದುಗರಿಗೆ ಅದು ಸರಿಯಾದ ಬಾಗಿಲಲ್ಲ ಎಂಬುದು ನನ್ನ ಅನುಭವ.

ಮೊದಲು ಆಳು ಯಾರೆಂದು ಹೇಳಿಬಿಡುತ್ತೇನೆ. ರಿಚರ್ಡ್ ಆಲ್ಪರ್ಟ್ ಹುಟ್ಟಿದ್ದು 1931ರಲ್ಲಿ, ಬಾಸ್ಟನ್ನಿನ ಸ್ಥಿತಿವಂತ ಯಹೂದಿ ಮನೆತನದಲ್ಲಿ. ತಂದೆ ವಕೀಲರು, ನ್ಯೂ ಹೇವನ್ ರೈಲ್ವೆ ಕಂಪನಿಯ ಅಧ್ಯಕ್ಷರಾಗಿದ್ದವರು. ಮಗ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್.ಡಿ. ಮುಗಿಸಿ ಹಾರ್ವರ್ಡ್‌ನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾದರು. ಅಲ್ಲಿ ಸಹೋದ್ಯೋಗಿ ಟಿಮೊಥಿ ಲಿಯರಿ ಜೊತೆ ಸೇರಿ ಸೈಲೊಸೈಬಿನ್ ಎಂಬ, ಅರಿವನ್ನೇ ಅದಲುಬದಲು ಮಾಡುವ ಅಣಬೆಯ ಸತ್ವದ ಮೇಲೆ ಪ್ರಯೋಗ ನಡೆಸಿ, ಪದವಿ ವಿದ್ಯಾರ್ಥಿಯೊಬ್ಬನಿಗೆ ಅದನ್ನು ಕೊಟ್ಟ ಕಾರಣಕ್ಕೆ 1963ರಲ್ಲಿ ಕೆಲಸ ಕಳೆದುಕೊಂಡರು. 1967ರಲ್ಲಿ ಭಾರತಕ್ಕೆ ಬಂದು, ನೈನಿತಾಲ್ ಸಮೀಪದ ಕೈಂಚಿಯ ನೀಮ್ ಕರೋಲಿ ಬಾಬಾ ಅವರ ಶಿಷ್ಯರಾದರು. 'ರಾಮ್ ದಾಸ್' ಬಾಬಾ ಕೊಟ್ಟ ಹೆಸರು. 2019ರ ಡಿಸೆಂಬರಿನಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ತೀರಿಕೊಂಡರು.

ಏನನ್ನು ನೋಡಿ ಆರಿಸಬೇಕು

ನಾನು ನಾಲ್ಕು ಸಂಗತಿಗಳನ್ನು ಇಟ್ಟುಕೊಂಡು ತೂಗುತ್ತೇನೆ.

ಇದರಲ್ಲಿ ನಮಗೆ ಹೊಸದು ಎಷ್ಟು ಅನ್ನುವುದು ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ರಾಮ್ ದಾಸ್ ಬರೆದದ್ದು ಭಕ್ತಿ, ಗುರು, ಸೇವೆ, ಕರ್ಮ ಎಂಬ ಪದಗಳನ್ನೇ ಕೇಳಿರದ ಅಮೆರಿಕದ ಯುವಜನರಿಗೆ. ಊರಿಗೊಂದು ಆಂಜನೇಯನ ಗುಡಿ ಕಂಡು ಬೆಳೆದವರಿಗೆ, ದಾಸರ ಪದ ಕಿವಿಗೆ ಬಿದ್ದೇ ನಿದ್ದೆ ಹೋದವರಿಗೆ, ಅವರ ವಿವರಣೆಯ ಅರ್ಧ ಭಾಗ ಗೊತ್ತಿರುವುದೇ. ಉಳಿದರ್ಧ ಯಾವ ಪುಸ್ತಕದಲ್ಲಿ ದಟ್ಟವಾಗಿದೆ ಎಂದು ಹುಡುಕಬೇಕು.

ಕಣ್ಣಿಗೋ ಕಿವಿಗೋ ಅನ್ನುವುದು ಎರಡನೆಯದು. ಅವರು ಮೂಲತಃ ಮಾತುಗಾರರು. ಅವರ ಬಹುಪಾಲು ಪುಸ್ತಕಗಳು ಭಾಷಣಗಳ ಬರಹರೂಪ, ಇಲ್ಲವೇ ಇನ್ನೊಬ್ಬರು ಜೊತೆಗೂಡಿ ಕಟ್ಟಿದವು.

ತಾನು ಎಡವಿದ್ದನ್ನು ಅವರು ಆ ಕೃತಿಯಲ್ಲಿ ಎಷ್ಟು ಹೇಳಿಕೊಂಡಿದ್ದಾರೆ ಅನ್ನುವುದು ಮೂರನೆಯದು. ಗುರುಗಳ ಪುಸ್ತಕಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ವೇದಿಕೆಯ ಮೇಲೆ ಕೂತು "ಇಲ್ಲಿ ನಾನು ಸೋತೆ" ಎಂದು ಹೇಳುವ ಗುರುಗಳು ಕಡಿಮೆ, ಇವರನ್ನು ನಾನು ಮತ್ತೆ ಮತ್ತೆ ಓದುವುದು ಆ ಕಾರಣಕ್ಕೇ.

ದುಡ್ಡು ಮತ್ತು ಹೊತ್ತು ಕೊನೆಯದು. ಒಂದು ಕಾಸೂ ಖರ್ಚಿಲ್ಲದೆ ಅವರನ್ನು ಚೆನ್ನಾಗಿ ತಿಳಿಯಬಹುದು, ಅದನ್ನು ಮುಂದೆ ಹೇಳುತ್ತೇನೆ.

ಎಲ್ಲರ ಕೈಗೆ ಮೊದಲು ಸಿಗುವ 'ಬಿ ಹಿಯರ್ ನೌ'

1971ರಲ್ಲಿ ನ್ಯೂ ಮೆಕ್ಸಿಕೋದ ಲಾಮಾ ಫೌಂಡೇಶನ್ ಎಂಬ ಆಶ್ರಮದಂಥ ಜಾಗದಿಂದ ಹೊರಬಂದ ಪುಸ್ತಕ. ಚೌಕಾಕಾರ, ಒಳಗೆ ನಾಲ್ಕು ಭಾಗ. ಮೊದಲನೆಯದು ಆಲ್ಪರ್ಟ್ ಹೇಗೆ ರಾಮ್ ದಾಸ್ ಆದರು ಎಂಬ ಆತ್ಮಕಥನ. ಎರಡನೆಯದು ಕಂದು ಕಾಗದದ ಮೇಲೆ ಚಿತ್ರವೂ ಅಕ್ಷರವೂ ಹೆಣೆದುಕೊಂಡು ಸಾಗುವ, ಪ್ರಸಿದ್ಧವಾದ ಭಾಗ. ಮೂರನೆಯದು ಆಹಾರ, ನಿದ್ದೆ, ಆಸನ, ಪ್ರಾಣಾಯಾಮ, ಜಪ ಕುರಿತ ಕೈಪಿಡಿ. ನಾಲ್ಕನೆಯದು ಓದಬೇಕಾದ ಪುಸ್ತಕಗಳ ಪಟ್ಟಿ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದ ಪುಸ್ತಕವಿದು. ಸ್ಟೀವ್ ಜಾಬ್ಸ್ 1974ರಲ್ಲಿ ಕೈಂಚಿಯ ದಾರಿ ಹಿಡಿದದ್ದರ ಹಿಂದೆಯೂ ಇದೇ ಇತ್ತು. ಅವರು ಬರುವ ಹೊತ್ತಿಗೆ ಬಾಬಾ ತೀರಿಕೊಂಡಿದ್ದರು.

ನಾನು ಇದನ್ನು ಇಪ್ಪತ್ತಾರನೆಯ ವಯಸ್ಸಿನಲ್ಲಿ ಕೊಂಡು, ಮೂವತ್ತು ಪುಟ ಓದಿ, ಆರೇಳು ವರ್ಷ ಮುಟ್ಟಲಿಲ್ಲ. ಕಂದು ಪುಟಗಳಲ್ಲಿದ್ದ ಓಂಕಾರ, ಹನುಮಂತ, ಚಕ್ರಗಳು ನಮ್ಮ ಅಜ್ಜಿಮನೆಯ ಗೋಡೆಯ ಮೇಲಿದ್ದವೇ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು, ಊಟಕ್ಕೆ ಮುಂಚೆ ಅರ್ಪಿಸಬೇಕು ಎಂಬಂಥ ಮಾತುಗಳನ್ನು ಇಂಗ್ಲಿಷಿನಲ್ಲಿ ಓದಿ ನನಗೆ ಆಗಬೇಕಾದ್ದೇನೂ ಇರಲಿಲ್ಲ. ಅಮೆರಿಕದ ಹುಡುಗನೊಬ್ಬನಿಗೆ ಇದು ಬೇರೆ ಲೋಕದ ಕಿಟಕಿ, ನಮಗೆ ಅದೇ ಕಿಟಕಿಯಲ್ಲಿ ನಮ್ಮ ಹಿತ್ತಿಲು ಕಾಣುತ್ತದೆ.

ಆದರೂ ಮೊದಲ ಭಾಗವನ್ನು ಯಾರೂ ಬಿಡಬಾರದು. 1961ರ ಮಾರ್ಚಿನ ಒಂದು ರಾತ್ರಿ, ಲಿಯರಿ ಮನೆಯಲ್ಲಿ ಮೊದಲ ಸಲ ಸೈಲೊಸೈಬಿನ್ ತೆಗೆದುಕೊಂಡ ಆಲ್ಪರ್ಟ್, ತಾನು ಹೊತ್ತ ಪಾತ್ರಗಳು ಒಂದೊಂದಾಗಿ ಕಳಚುವುದನ್ನು ನೋಡುತ್ತಾರೆ. ಪ್ರಾಧ್ಯಾಪಕ ಹೋದ, ಪ್ರಿಯಕರ ಹೋದ, ಕೊನೆಗೆ ಮೈಯೂ ಹೋಯಿತು. ಇನ್ನೂ ನೋಡುತ್ತಿರುವವನು ಯಾರು? ಬೆಳಗಿನ ಜಾವ ಹಿಮದಲ್ಲಿ ನಡೆದು ತಂದೆ ತಾಯಿಯ ಮನೆಗೆ ಹೋಗಿ ಅಂಗಳದ ಹಿಮ ಬಾಚುತ್ತಾರೆ. ಕಿಟಕಿಯಲ್ಲಿ ಅಪ್ಪ ಅಮ್ಮ ಕಾಣಿಸಿಕೊಂಡು, ಈ ಹೊತ್ತಿನಲ್ಲಿ ಯಾರಾದರೂ ಹಿಮ ಬಾಚುತ್ತಾರೆಯೇ, ಒಳಗೆ ಬಾ ಎನ್ನುತ್ತಾರೆ. ಜೀವನವಿಡೀ ಹಿರಿಯರ ಮಾತಿಗೆ ತಲೆಯಾಡಿಸಿಕೊಂಡೇ ಬಂದ ಮಗ ಅಂದು ನಕ್ಕು, ಬಾಚುವುದನ್ನು ಮುಂದುವರಿಸುತ್ತಾರೆ. ಇದಾದ ಮೇಲೆ ಐದು ಜನ ಮೂರು ವಾರ ಒಂದು ಕಟ್ಟಡದಲ್ಲಿ ಬಾಗಿಲು ಹಾಕಿಕೊಂಡು ನಾಲ್ಕು ಗಂಟೆಗೊಮ್ಮೆ ಎಲ್‌ಎಸ್‌ಡಿ ಎಂಬ ಅದೇ ಬಗೆಯ ಮಾದಕವಸ್ತು ತೆಗೆದುಕೊಂಡರೂ, ಕೊನೆಗೆ ಎಲ್ಲರೂ ಕೆಳಗಿಳಿದೇ ಬಂದರು ಎಂಬ ಹತಾಶೆಯನ್ನೂ ಅವರು ಮುಚ್ಚಿಟ್ಟಿಲ್ಲ. ಅವರನ್ನು ಭಾರತಕ್ಕೆ ತಳ್ಳಿದ್ದು ಆ ಹತಾಶೆ.

ಇಲ್ಲಿ ಬಂದ ಮೇಲಿನ ಘಟನೆ ಬಹಳ ಜನರಿಗೆ ಗೊತ್ತಿದೆ. ತೀರಿಹೋದ ತಾಯಿಯನ್ನು ಹಿಂದಿನ ರಾತ್ರಿ ನಕ್ಷತ್ರಗಳ ಕೆಳಗೆ ನೆನೆದದ್ದನ್ನು ಬಾಬಾ ಹೇಳಿಬಿಡುತ್ತಾರೆ. ತಾಯಿಯನ್ನು ಒಯ್ದ ಕಾಯಿಲೆ ಯಾವ ಅಂಗದ್ದೆಂದು 'ಸ್ಪ್ಲೀನ್' ಎಂಬ ಇಂಗ್ಲಿಷ್ ಪದವನ್ನೇ ಬಳಸಿ ಹೇಳುತ್ತಾರೆ. ಶಿಷ್ಯ ಕೊಟ್ಟ ಎಲ್‌ಎಸ್‌ಡಿ ಮಾತ್ರೆ ನುಂಗಿಯೂ ಏನೂ ಆಗದವರಂತೆ ಕೂತಿರುತ್ತಾರೆ. ಇವೆಲ್ಲಕ್ಕೂ ಸಾಕ್ಷಿ ರಾಮ್ ದಾಸರ ಮಾತೊಂದೇ. ನಂಬುವುದು ಬಿಡುವುದು ಓದುವವರಿಗೆ ಸೇರಿದ್ದು. ಮಾತ್ರೆಯ ವಿಷಯದಲ್ಲಿ ಮಾತ್ರ ಎಳೆಯ ಓದುಗರಿಗೆ ನೇರವಾಗಿ ಹೇಳಬೇಕು: ನಮ್ಮ ದೇಶದಲ್ಲಿ ಎಲ್‌ಎಸ್‌ಡಿ, ಸೈಲೊಸೈಬಿನ್ ಎರಡೂ 1985ರ ಮಾದಕವಸ್ತು ಕಾಯಿದೆಯಡಿ ನಿಷಿದ್ಧ, ಮನೆತನದಲ್ಲಿ ತೀವ್ರ ಮಾನಸಿಕ ಕಾಯಿಲೆ ಇದ್ದವರಿಗೆ ಅಪಾಯಕಾರಿ ಕೂಡ. ರಾಮ್ ದಾಸರೇ ಅದನ್ನು ದಾಟಿ ಮುಂದೆ ಹೋದವರು.

ಕೊಳ್ಳುವುದಾದರೆ ಕಾಗದದ ಪ್ರತಿಯನ್ನೇ ಕೊಳ್ಳಿ. ಕಂದು ಪುಟಗಳನ್ನು ಮೊಬೈಲಿನಲ್ಲಿ ನೋಡಿದರೆ ಚಿತ್ರವೂ ಸಿಗದು, ಅಕ್ಷರವೂ ಸಿಗದು. ಹಳೆ ಪುಸ್ತಕದಂಗಡಿಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಚಿತ್ರಕಲೆ, ಪುಸ್ತಕ ವಿನ್ಯಾಸ, ಅರವತ್ತರ ದಶಕದ ಅಮೆರಿಕ ಇವುಗಳ ಬಗ್ಗೆ ಆಸಕ್ತಿ ಇದ್ದವರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಸಾಧನೆಯ ದಾರಿ ಹುಡುಕಿಕೊಂಡು ಬಂದ ಕನ್ನಡಿಗರಿಗೆ ಇದು ಎರಡನೆಯ ಅಥವಾ ಮೂರನೆಯ ಪುಸ್ತಕವಾಗಲಿ.

ಮನಶ್ಶಾಸ್ತ್ರ ಓದುವವರಿಗೆ

ತಂಗಿಯ ಮಗಳಿಗೆ ನಾನು ಕೊಟ್ಟದ್ದು 'ದಿ ಓನ್ಲಿ ಡ್ಯಾನ್ಸ್ ದೇರ್ ಈಸ್' (1974). ಎರಡು ಕಡೆ ಮಾಡಿದ ಭಾಷಣಗಳು: 1970ರಲ್ಲಿ ಕಾನ್ಸಾಸಿನ ಮೆನ್ನಿಂಗರ್ ಫೌಂಡೇಶನ್, 1972ರಲ್ಲಿ ಮೇರಿಲ್ಯಾಂಡಿನ ಸ್ಪ್ರಿಂಗ್ ಗ್ರೋವ್ ಆಸ್ಪತ್ರೆ. ಎದುರಿಗೆ ಕೂತವರು ಮನೋವೈದ್ಯರು, ಚಿಕಿತ್ಸಕರು. ಒಂದು ಕಾಲದ ತನ್ನ ವೃತ್ತಿಬಾಂಧವರ ಮುಂದೆ ಗಡ್ಡ, ಜಪಮಾಲೆಯೊಂದಿಗೆ ನಿಂತು, ಚಿಕಿತ್ಸೆ ಕೊಡುವವನು ತನ್ನ 'ವೈದ್ಯ' ಎಂಬ ಪಾತ್ರಕ್ಕೇ ಅಂಟಿಕೊಂಡರೆ ಎದುರಿನವನು 'ರೋಗಿ' ಎಂಬ ಪಾತ್ರದಿಂದ ಹೊರಬರುವುದು ಹೇಗೆ ಎಂದು ಕೇಳುತ್ತಾರೆ. ಕೇಳುಗರು ಬಿಡದೆ ಮರುಪ್ರಶ್ನೆ ಹಾಕುತ್ತಾರೆ. ಮನಶ್ಶಾಸ್ತ್ರ, ಸಾಧನೆ ಎರಡರ ಭಾಷೆಯನ್ನೂ ಬಲ್ಲವನ ಮಾತು ಇದು. ಹಾಗಾಗಿ ಅವರ ಎಲ್ಲ ಪುಸ್ತಕಗಳಲ್ಲಿ ತರ್ಕ ಬಿಗಿಯಾಗಿರುವುದು ಇದರಲ್ಲೇ. ಭಾಷಣದ ಬರಹವಾದ್ದರಿಂದ ವಿಷಯ ಅಲ್ಲಲ್ಲಿ ಸುತ್ತು ಹೊಡೆಯುತ್ತದೆ, ಅದಕ್ಕೆ ಸಿದ್ಧರಿರಬೇಕು.

ಇದರ ಜೊತೆಗೆ, ಗ್ರಂಥಾಲಯದ ಅನುಕೂಲ ಇದ್ದರೆ, ರಾಮ್ ದಾಸ್ ಆಗುವ ಮುಂಚಿನ ಆಲ್ಪರ್ಟ್‌ರನ್ನು ನೋಡಬೇಕು. ರಾಲ್ಫ್ ಹೇಬರ್ ಜೊತೆ 1960ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಪರೀಕ್ಷೆಯ ಭಯದ ಮೇಲೆ. ಭಯ ಎರಡು ಬಗೆ, ಒಂದು ಕೈಕಾಲು ಕಟ್ಟಿಹಾಕುತ್ತದೆ, ಇನ್ನೊಂದು ಓಡಿಸಿ ಕೆಲಸ ಮಾಡಿಸುತ್ತದೆ, ಎರಡನ್ನೂ ಬೇರೆಬೇರೆ ಅಳೆಯಬೇಕು ಎಂಬುದು ಅದರ ವಾದ. ಪಿಯುಸಿ ಮಕ್ಕಳಿರುವ ಯಾವ ಮನೆಗೂ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಸಾಧಿಸಬೇಕೆಂಬ ಆತಂಕವನ್ನು ಅಳೆಯಲು ಹೊರಟವರೇ ಆ ಆತಂಕವನ್ನು ಮೈತುಂಬ ಹೊತ್ತಿದ್ದರು ಎಂಬುದು 'ಬಿ ಹಿಯರ್ ನೌ'ದ ಮೊದಲ ಭಾಗ ಓದಿದಾಗ ತಿಳಿಯುತ್ತದೆ. ಈ ಎರಡನ್ನೂ ಒಟ್ಟಿಗಿಟ್ಟು ಓದಿದ ಮೇಲೆ ಹುಡುಗಿ ನನಗೆ ರಾತ್ರಿ ಹತ್ತೂವರೆಗೆ ಫೋನು ಮಾಡಿದ್ದಳು.

ಲಿಯರಿ ಮತ್ತು ಹಾರ್ವರ್ಡ್‌ನ ಸಂಶೋಧಕ ರಾಲ್ಫ್ ಮೆಟ್ಸ್‌ನರ್ ಜೊತೆ ಬರೆದ 'ದಿ ಸೈಕೆಡೆಲಿಕ್ ಎಕ್ಸ್‌ಪೀರಿಯೆನ್ಸ್' (1964) ಚರಿತ್ರೆಯ ದೃಷ್ಟಿಯಿಂದ ಮುಖ್ಯ. ಟಿಬೆಟಿನ ಮೃತ್ಯುಗ್ರಂಥವನ್ನು ಮಾದಕವಸ್ತು ಸೇವನೆಯ ಮಾರ್ಗದರ್ಶಿಯಾಗಿ ತಿರುಗಿಸಿದ ಪುಸ್ತಕ ಅದು. ಬೀಟಲ್ಸ್ 1966ರಲ್ಲಿ ಹಾಡಿದ 'ಟುಮಾರೋ ನೆವರ್ ನೋಸ್'ಗೆ ಸಾಲು ಸಿಕ್ಕಿದ್ದು ಅಲ್ಲಿಂದ. ಅದೇ ವರ್ಷ ಮೂವರೂ ಪುಸ್ತಕದ ಭಾಗಗಳನ್ನು ಓದಿದ ಎಲ್‌ಪಿ ತಟ್ಟೆಯೂ ಬಂತು, ಈಗದು ಸ್ಮಿತ್‌ಸೋನಿಯನ್ ಫೋಕ್‌ವೇಸ್ ಎಂಬ ಅಮೆರಿಕದ ಧ್ವನಿಮುದ್ರಣ ಸಂಸ್ಥೆಯ ಸಂಗ್ರಹದಲ್ಲಿದೆ. ಟಿಬೆಟಿನವರ ಸಾವಿನ ವಿಧಿಯನ್ನು ಅದರ ಪರಂಪರೆಯಿಂದ ಕಿತ್ತು ಬೇರೆ ಕಡೆ ನೆಟ್ಟ ರೀತಿ ನನಗೆ ಹಿಡಿಸುವುದಿಲ್ಲ. ಸಂಶೋಧನೆಗೆ ಬೇಕಾದವರು ಓದಲಿ, ಉಳಿದವರು ಬಿಟ್ಟರೆ ನಷ್ಟವಿಲ್ಲ.

ಮುಪ್ಪು, ಕಾಯಿಲೆ, ಆರೈಕೆ

ರಾಯರಿಗೆ ಹೇಳಿದ್ದು 'ಸ್ಟಿಲ್ ಹಿಯರ್' (2000). ಒಂದೇ ಪುಸ್ತಕ ಇಟ್ಟುಕೊಂಡು ಉಳಿದವನ್ನೆಲ್ಲ ಕೊಟ್ಟುಬಿಡು ಎಂದರೆ ನಾನು ಇಟ್ಟುಕೊಳ್ಳುವುದೂ ಇದನ್ನೇ.

ಮುಪ್ಪಿನ ಬಗ್ಗೆ ಪುಸ್ತಕ ಬರೆಯುತ್ತಿದ್ದ ರಾಮ್ ದಾಸ್, 1997ರ ಫೆಬ್ರವರಿಯ ಒಂದು ರಾತ್ರಿ ಹಾಸಿಗೆಯಲ್ಲಿ ಮಲಗಿ, ತೀರಾ ಮುದುಕನಾದರೆ ಹೇಗಿರುತ್ತದೆ ಎಂದು ಕಲ್ಪಿಸಿಕೊಳ್ಳುತ್ತಿದ್ದರು. ಪುಸ್ತಕ ಯಾಕೋ ಟೊಳ್ಳು ಅನ್ನಿಸುತ್ತಿತ್ತು. ಆಗ ಫೋನು ಬಂತು. ಎದ್ದರೆ ಕಾಲು ನಿಲ್ಲಲಿಲ್ಲ. ಮಿದುಳಿನಲ್ಲಿ ರಕ್ತಸ್ರಾವವಾಗಿ ಬಲಭಾಗ ಬಿದ್ದುಹೋಯಿತು. ಮಾತೇ ಬದುಕಾಗಿದ್ದವರಿಗೆ ಮಾತೂ ಹೋಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗ ದೇವರು, ಗುರು ಯಾರೂ ನೆನಪಿಗೆ ಬರಲಿಲ್ಲ, ಚಾವಣಿಯ ಕೊಳವೆಗಳನ್ನು ನೋಡುತ್ತ ಬಿದ್ದಿದ್ದೆ, ಮೂವತ್ತು ವರ್ಷದ ಸಾಧನೆಯ ಪರೀಕ್ಷೆಯಲ್ಲಿ ನಾನು ಫೇಲಾದೆ ಎಂದು ಅವರೇ ಬರೆದಿದ್ದಾರೆ. ಮೊದಲ ಬಾರಿ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅದಕ್ಕೂ ಹಿಂದಿನ ವರ್ಷ ನಮ್ಮ ತಂದೆಯವರು ಹಾಗೇ ಮಲಗಿದ್ದರು, ಬಂದವರೆಲ್ಲ "ರಾಮನಾಮ ಜಪಿಸಿ" ಎಂದು ಹೇಳಿ ಹೋಗುತ್ತಿದ್ದರು. ಅವರು ಮಾತ್ರ ಫ್ಯಾನನ್ನೇ ದಿಟ್ಟಿಸುತ್ತಿದ್ದರು. ಈ ಪುಟ ಆಗ ನನ್ನ ಬಳಿ ಇದ್ದಿದ್ದರೆ ಬಂದವರನ್ನು ಬಾಗಿಲಲ್ಲೇ ತಡೆದು, ಅಪ್ಪನ ಜೊತೆ ಸುಮ್ಮನೆ ಕೂರುತ್ತಿದ್ದೆ.

ಅಲ್ಲಿಂದ ಪುಸ್ತಕ ಮೇಲೇಳುವುದು ಬಹಳ ನಿಧಾನವಾಗಿ. ಜೀವಮಾನವಿಡೀ ಇನ್ನೊಬ್ಬರಿಗೆ ನೆರವಾಗುವುದನ್ನು ಹೇಳಿಕೊಟ್ಟವರು, ಈಗ ಇನ್ನೊಬ್ಬರಿಂದ ಬಟ್ಟೆ ಹಾಕಿಸಿಕೊಳ್ಳಬೇಕು. ಕೊಡುವುದಕ್ಕಿಂತ ತೆಗೆದುಕೊಳ್ಳುವುದು ಎಷ್ಟು ಕಷ್ಟ, ಅದರಲ್ಲಿ ಅಹಂಕಾರ ಎಲ್ಲೆಲ್ಲಿ ಅಡಗಿರುತ್ತದೆ ಎಂದು ಒಂದೊಂದಾಗಿ ತೋರಿಸುತ್ತಾರೆ. ಪಾರ್ಶ್ವವಾಯುವನ್ನು ಅವರು ಗುರುವಿನ 'ಉಗ್ರ ಕೃಪೆ' ಎಂದು ಕರೆದರು. ನೋವನ್ನು ಕೃಪೆ ಎನ್ನುವ ಮಾತು ಬೇರೆಯವರ ಬಾಯಲ್ಲಿ ಬಂದಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಇವರು ಅದನ್ನು ತನ್ನ ನೋವಿಗಷ್ಟೇ ಹೇಳಿಕೊಂಡಿದ್ದಾರೆ, ಇನ್ನೊಬ್ಬರ ತಲೆಗೆ ಕಟ್ಟಿಲ್ಲ. ಪುಸ್ತಕದ ಕೊರತೆಯೂ ಒಂದಿದೆ. ವೃದ್ಧಾಪ್ಯದ ಅಧ್ಯಾಯಗಳ ಹಿನ್ನೆಲೆಯಲ್ಲಿರುವುದು ಮಕ್ಕಳಿಂದ ದೂರ ಇರುವ ಅಮೆರಿಕದ ಮುದುಕರ ಬದುಕು. ಸೊಸೆ, ಮೊಮ್ಮಕ್ಕಳು, ಅಕ್ಕಪಕ್ಕದವರು ತುಂಬಿರುವ ಮನೆಯ ಕಷ್ಟಗಳು ಬೇರೆ, ಅವಕ್ಕೆ ಇಲ್ಲಿ ಉತ್ತರ ಸಿಗುವುದಿಲ್ಲ.

ಆರೈಕೆ ಮಾಡುವವರ ಕಡೆಯಿಂದ ಬರೆದದ್ದು ಬೇಕಿದ್ದರೆ 'ಹೌ ಕ್ಯಾನ್ ಐ ಹೆಲ್ಪ್?' (1985, ಪಾಲ್ ಗಾರ್ಮನ್ ಜೊತೆ). ದಾದಿಯರು, ಸಮಾಜಸೇವಕರು, ಕಾಯಿಲೆಯವರ ಮನೆಯವರು ತಮ್ಮ ಬಾಯಲ್ಲೇ ಹೇಳಿದ ಸಣ್ಣ ಸಣ್ಣ ಕಥೆಗಳು ತುಂಬಿವೆ. ಟೋಕಿಯೋದ ರೈಲಿನಲ್ಲಿ ಕುಡಿದು ದಾಂಧಲೆ ಎಬ್ಬಿಸಿದವನ ಮೇಲೆ ಕೈಮಾಡಲು ಸಿದ್ಧನಾದ ಐಕಿಡೋ ಎಂಬ ಜಪಾನಿ ಸಮರಕಲೆ ಕಲಿತ ಯುವಕ, ಪುಟ್ಟ ಮುದುಕನೊಬ್ಬ ಅದೇ ಕುಡುಕನನ್ನು ಕರೆದು ಹೆಂಡತಿಯ ವಿಷಯ ಮಾತಾಡಿಸುತ್ತ ಅಳಿಸಿಬಿಡುವುದನ್ನು ನೋಡುವ ಕಥೆ ಇದರಲ್ಲೇ ಇದೆ. ಸಹಾಯ ಮಾಡುವವರು ಬಸವಳಿದು ಬೀಳುವುದು ಯಾಕೆ ಎಂಬ ಅಧ್ಯಾಯವನ್ನು ನಾನು ರಾಯರಿಗೆ ಗುರುತು ಹಾಕಿ ಕೊಟ್ಟೆ. ಇದು ಬರಿಯ ಉಪದೇಶವಾಗಿ ಉಳಿದ ಪುಸ್ತಕವೂ ಅಲ್ಲ. ಸಿಡುಬು ನಿರ್ಮೂಲನೆಗೆ ಭಾರತದಲ್ಲಿ ದುಡಿದ ಲ್ಯಾರಿ ಬ್ರಿಲಿಯಂಟ್ ಮೊದಲಾದವರೊಂದಿಗೆ ರಾಮ್ ದಾಸ್ 1978ರಲ್ಲಿ ಕಟ್ಟಿದ ಸೇವಾ ಫೌಂಡೇಶನ್, ಮದುರೆಯ ಅರವಿಂದ ಕಣ್ಣಾಸ್ಪತ್ರೆಯ ಜೊತೆಗೂಡಿ ಕೆಲಸ ಮಾಡಿದೆ.

ಓದುವಷ್ಟು ಪುರುಸೊತ್ತಿಲ್ಲದವರಿಗೆ ಮಿಕಿ ಲೆಮ್ಲಿ ತೆಗೆದ 'ಫಿಯರ್ಸ್ ಗ್ರೇಸ್' (2001) ಸಾಕ್ಷ್ಯಚಿತ್ರ ಇದೆ, ಒಂದೂವರೆ ಗಂಟೆಯದು. ಪದಕ್ಕಾಗಿ ತಡಕಾಡುವ ರಾಮ್ ದಾಸರನ್ನು ಕಣ್ಣಾರೆ ನೋಡಬಹುದು. ಮಗಳನ್ನು ಕಳೆದುಕೊಂಡ ತಂದೆತಾಯಿಗೆ ಅವರು ಬರೆದ ಪತ್ರವನ್ನು ಅದರಲ್ಲಿ ಓದಲಾಗುತ್ತದೆ. ಸಾವಿನ ಮನೆಗೆ ಹೋಗಿ ಏನು ಹೇಳಬೇಕೆಂದು ತೋಚದವರು ಅದನ್ನು ಒಮ್ಮೆ ಕೇಳಬೇಕು.

ಕಿವಿಗೆ

ಹಳೆಯ ತಟ್ಟೆಗಳಲ್ಲಿ ಎರಡು ಮುಖ್ಯ. 1969ರಲ್ಲಿ ವ್ಯಾಂಕೂವರಿನಲ್ಲಿ ಮಾತಾಡಿದ್ದನ್ನು ಮೂರು ಎಲ್‌ಪಿಗಳಲ್ಲಿ ತಂದ 'ಹಿಯರ್ ವಿ ಆಲ್ ಆರ್', ಮತ್ತು 1973ರ ಆರು ಎಲ್‌ಪಿಗಳ ಪೆಟ್ಟಿಗೆ 'ಲವ್ ಸರ್ವ್ ರಿಮೆಂಬರ್'. ಮೊದಲನೆಯದರಲ್ಲಿ 'ಬಿ ಹಿಯರ್ ನೌ'ದ ಕಥೆಯನ್ನೇ ಪುಸ್ತಕವಾಗುವ ಮುಂಚೆ ಬಾಯಿಮಾತಾಗಿ ಕೇಳಬಹುದು. ನನ್ನ ಮಟ್ಟಿಗೆ ಪುಸ್ತಕಕ್ಕಿಂತ ಇದು ಜೀವಂತ. ನಮ್ಮ ಹರಿಕಥೆ ಕೇಳಿದವರಿಗೆ ಈ ಬಗೆ ತಟ್ಟನೆ ಹಿಡಿಸುತ್ತದೆ. ಮುಖ್ಯಕಥೆ ಬಿಟ್ಟು ಉಪಕಥೆಗೆ ಹೋಗುವುದು, ಜನರನ್ನು ನಗಿಸುವುದು, ನಗು ಮುಗಿಯುವ ಮುಂಚೆ ಎದೆಗೆ ನಾಟುವ ಒಂದು ಮಾತು ಹೇಳಿ ನಿಲ್ಲಿಸುವುದು. ಆ ನಿಲುಗಡೆ ಅಚ್ಚಿನಲ್ಲಿ ಸಿಗುವುದಿಲ್ಲ. ಮೂಲ ತಟ್ಟೆಗಳನ್ನು ಹುಡುಕಿ ಕೊಳ್ಳುವುದು ಸಂಗ್ರಹಕಾರರ ಕೆಲಸ. ಕೇಳಬೇಕು ಎಂದಷ್ಟೇ ಇರುವವರು ಅದಕ್ಕೆ ದುಡ್ಡು ಸುರಿಯಬೇಕಿಲ್ಲ.

ಯಾಕೆಂದರೆ 'ಹಿಯರ್ ಆ್ಯಂಡ್ ನೌ' ಹೆಸರಿನ ಪಾಡ್‌ಕಾಸ್ಟ್‌ನಲ್ಲಿ ಹಲವು ದಶಕಗಳ ಭಾಷಣಗಳು ಪುಕ್ಕಟೆಯಾಗಿ ಸಿಗುತ್ತವೆ. ಪ್ರತಿ ಕಂತಿಗೂ ಅವರ ಹಳೆಯ ಒಡನಾಡಿ ರಘು ಮಾರ್ಕಸ್ ಮುನ್ನುಡಿ ಹೇಳುತ್ತಾರೆ, ಅವಸರವಿದ್ದರೆ ಅದನ್ನು ದಾಟಿಸಬಹುದು. ಒಂದು ಎಚ್ಚರ: ಎಪ್ಪತ್ತು, ಎಂಬತ್ತರ ದಶಕದ ರಾಮ್ ದಾಸ್ ಧಾರಾಕಾರ ಮಾತಾಡುತ್ತಾರೆ. 1997ರ ನಂತರದ ಮಾತಿನಲ್ಲಿ ಪದಕ್ಕೂ ಪದಕ್ಕೂ ನಡುವೆ ಉದ್ದನೆಯ ಮೌನ ಇರುತ್ತದೆ. ಕಾರು ಓಡಿಸುತ್ತ ಕೇಳುವವರಿಗೆ ಹಳೆಯವು ಒಪ್ಪುತ್ತವೆ. ರಾತ್ರಿ ದೀಪ ಆರಿಸಿ ಕೇಳುವವರಿಗೆ ಕೊನೆಯ ವರ್ಷಗಳ ಧ್ವನಿಯೇ ಸರಿ. ಈ ಕೊನೆಯ ಧ್ವನಿಯನ್ನು ಸಂಗೀತದೊಂದಿಗೆ ಹೆಣೆದು ಈಸ್ಟ್ ಫಾರೆಸ್ಟ್ ಎಂಬ ಸಂಗೀತಗಾರ 2019ರಲ್ಲಿ ಒಂದು ಆಲ್ಬಮ್ ತಂದರು. ಇಂಪಾಗಿದೆ. ಆದರೆ ಹಿನ್ನೆಲೆಯ ನಾದ ಮೌನಗಳನ್ನು ತುಂಬಿಬಿಡುತ್ತದೆ, ನನಗೆ ಬೇಕಾದ್ದು ಆ ಮೌನ. ಇಂಗ್ಲಿಷ್ ಭಾಷಣ ಕೇಳಿ ಅಭ್ಯಾಸವಿಲ್ಲದ ಹದಿಹರೆಯದವರಿಗೆ ಇದೇ ಸುಲಭದ ಆರಂಭ ಆಗಬಹುದು.

ಗೀತೆ, ಬಾಬಾ, ಮತ್ತು ಕೊನೆಯ ಆತ್ಮಕಥೆ

'ಪಾತ್ಸ್ ಟು ಗಾಡ್' (2004) 1974ರ ಬೇಸಿಗೆಯಲ್ಲಿ ಕೊಲರಾಡೋದ ನರೋಪಾ ಸಂಸ್ಥೆಯಲ್ಲಿ ಗೀತೆಯ ಮೇಲೆ ಮಾಡಿದ ಪಾಠಗಳ ಪುಸ್ತಕ. ಗೀತೆಗೆ ಇನ್ನೊಂದು ವ್ಯಾಖ್ಯಾನ ಯಾಕೆ ಎಂದು ನಾನೂ ಅಂದುಕೊಂಡಿದ್ದೆ. ಶ್ಲೋಕಾರ್ಥ, ಭಾಷ್ಯ ಬೇಕಿದ್ದವರಿಗೆ ಇದರಲ್ಲಿ ಏನೂ ಸಿಗುವುದಿಲ್ಲ, ಸಂಸ್ಕೃತ ಬಲ್ಲವರಿಗೆ ಅಲ್ಲಲ್ಲಿ ಮುಜುಗರವೂ ಆದೀತು. ಇದರ ಬೆಲೆ ಇರುವುದು ಪ್ರಯೋಗದಲ್ಲಿ. ವಿದ್ಯಾರ್ಥಿಗಳು ದಿನಚರಿ ಬರೆಯಬೇಕು, ಯಾವುದಾದರೊಂದು ಅಭ್ಯಾಸ ಬಿಟ್ಟು ನೋಡಬೇಕು, ತಮ್ಮದಲ್ಲದ ಧರ್ಮದ ಪ್ರಾರ್ಥನಾಸ್ಥಳಕ್ಕೆ ಹೋಗಿ ಕೂತು ಬರಬೇಕು. ಗೀತೆಯನ್ನು ಬಾಯಿಪಾಠ ಮಾಡಿ ಬಹುಮಾನ ಗೆದ್ದು, ಆಮೇಲೆ ಅದನ್ನು ಮರೆತವರು ನಮ್ಮಲ್ಲಿ ಬಹಳ ಮಂದಿ. ಅವರ ಕೈಗೆ ಈ ಪುಸ್ತಕ ಕೊಡಬೇಕೆಂದು ನನಗೆ ಆಸೆ.

'ಮಿರಕಲ್ ಆಫ್ ಲವ್' (1979) ಬಾಬಾ ಕುರಿತು ನೂರಕ್ಕೂ ಹೆಚ್ಚು ಭಕ್ತರು ಹೇಳಿದ ಕಥೆಗಳ ಸಂಗ್ರಹ. ಕುಮಾವೂಂ, ಇಲಾಹಾಬಾದ್ ಕಡೆಯ ಗೃಹಸ್ಥರು, ಅಂಗಡಿಯವರು, ಅಧಿಕಾರಿಗಳು ಇದರಲ್ಲಿ ಮಾತಾಡುತ್ತಾರೆ. ರಾಮ್ ದಾಸ್ ಹಿಂದೆ ಸರಿದು ನಿಂತಿದ್ದಾರೆ. ಭಕ್ತರಿಗೆ ಪ್ರಿಯವಾದೀತು. ಪವಾಡಗಳು ಬೇಡ ಎನ್ನುವವರು ದೂರವಿಡಿ.

ಇನ್ನು 'ಬೀಯಿಂಗ್ ರಾಮ್ ದಾಸ್', ರಾಮೇಶ್ವರ್ ದಾಸ್ ಜೊತೆ ಬರೆದು, ರಾಮ್ ದಾಸ್ ತೀರಿಕೊಂಡ ಮೇಲೆ 2021ರಲ್ಲಿ ಬಂದ ಆತ್ಮಕಥೆ. ಇದೊಂದೇ ಓದಿದರೆ ಇಡೀ ಬದುಕು ಸಿಗುತ್ತದೆ: ಹಾರ್ವರ್ಡ್, ಕೈಂಚಿ, ಸಲಿಂಗಕಾಮವನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡ ಸಂಕಟ, ತಂದೆಯ ಕೊನೆಗಾಲದ ಆರೈಕೆ, ಮಾವಿ. ಬೇರೆ ಪುಸ್ತಕಗಳಲ್ಲಿ ಚಿಗುರಿನಂತೆ ಕಂಡ ಘಟನೆಗಳು ಇಲ್ಲಿ ಶಾಂತವಾಗಿ, ಸ್ವಲ್ಪ ಸಪ್ಪೆಯಾಗಿಯೂ ಬರುತ್ತವೆ. ದಪ್ಪನೆಯ ಪುಸ್ತಕ, ಬೆಲೆಯೂ ಉಳಿದವಕ್ಕಿಂತ ಜಾಸ್ತಿ. ಜೀವನಚರಿತ್ರೆ ಪ್ರಿಯರು ಇಲ್ಲಿಂದಲೇ ಶುರು ಮಾಡಬಹುದು. ಉಳಿದವರು ಒಂದೆರಡು ಗಂಟೆ ಧ್ವನಿ ಕೇಳಿ, ಈ ಮನುಷ್ಯನ ಬಗ್ಗೆ ಇನ್ನೂ ತಿಳಿಯಬೇಕು ಅನ್ನಿಸಿದರೆ ಮಾತ್ರ ಕೊಳ್ಳಿ.

ಒಂದು ಸಣ್ಣ ಬರಹವನ್ನೂ ಹೇಳದೆ ಬಿಡಲಾರೆ. ಎಪ್ಪತ್ತರ ದಶಕದ ನಡುವೆ ರಾಮ್ ದಾಸ್ ನ್ಯೂಯಾರ್ಕಿನ ಒಬ್ಬ ಗುರುವನ್ನು ಕುರುಡಾಗಿ ನಂಬಿ, ತಮ್ಮನ್ನು ನಂಬಿದವರನ್ನೂ ಅತ್ತ ಕರೆದೊಯ್ದಿದ್ದರು. ತಪ್ಪು ತಿಳಿದ ಮೇಲೆ 1976ರಲ್ಲಿ ಯೋಗ ಜರ್ನಲ್ ಪತ್ರಿಕೆಯಲ್ಲಿ 'ಎಗ್ ಆನ್ ಮೈ ಬಿಯರ್ಡ್' ಎಂಬ ಲೇಖನ ಬರೆದು ಎಲ್ಲರ ಮುಂದೆ ಒಪ್ಪಿಕೊಂಡರು. ಯಾವ ಗುರುವನ್ನಾದರೂ ಹಿಂಬಾಲಿಸುವ ಯೋಚನೆ ಇರುವವರು ಹುಡುಕಿ ಓದಬೇಕಾದ ಲೇಖನ ಅದು.

ತಂಗಿಯ ಮಗಳು ಈಗ 'ಬಿ ಹಿಯರ್ ನೌ'ದ ನನ್ನ ಹಳೇ ಪ್ರತಿಯನ್ನು ಒಯ್ದಿದ್ದಾಳೆ. ಕಾರಿನಲ್ಲಿ ಕೂರುವವನು ಪಾಡ್‌ಕಾಸ್ಟ್ ಕೇಳಿ ಕೇಳಿ, ಎರಡು ತಿಂಗಳ ಮೇಲೆ ಗೀತೆಯ ಪುಸ್ತಕ ತರಿಸಿಕೊಂಡ. ರಾಯರು 'ಸ್ಟಿಲ್ ಹಿಯರ್' ಅನ್ನು ದಿನಕ್ಕೆ ನಾಲ್ಕೈದು ಪುಟ ಓದಿ, ಸಂಜೆ ಹೆಂಡತಿಯ ಪಕ್ಕದಲ್ಲಿ ಕೂತು ಅದನ್ನೇ ಕನ್ನಡದಲ್ಲಿ ಹೇಳುತ್ತಾರೆ. ಆಸ್ಪತ್ರೆಯ ಕೊಳವೆಗಳ ಪುಟ ಬಂದ ದಿನ ಆಕೆ ಎಡಗೈ ಎತ್ತಿ, ಇನ್ನೊಮ್ಮೆ ಹೇಳಿ ಎಂದು ಸನ್ನೆ ಮಾಡಿದರಂತೆ.